ಪದವಿ ಇದ್ದರೂ ಸಂಬಳ ಕಡಿಮೆ ಏಕೆ?

ಮಾನ್ಯರೇ,

ಕೆನಡಾಕ್ಕೆ ವಲಸೆ ಹೋದ ಎಷ್ಟೋ ಮಂದಿಗೆ ಅಲ್ಲೇ ಹುಟ್ಟಿದವರಿಗಿಂತ ಸಂಬಳ ಕಡಿಮೆ. ಓದಿಲ್ಲ ಅಂತಲ್ಲ. ವಲಸೆಗೆ ಯಾರನ್ನು ಆರಿಸಬೇಕೆಂದು ಅಂಕ ಕೊಡುವಾಗ ಪದವಿ, ಅನುಭವ ಎರಡೂ ಲೆಕ್ಕಕ್ಕೆ ಬರುತ್ತವೆ. ಕೆಲಸ ಕೇಳಲು ಹೋದರೆ ಮಾತ್ರ ‘ಕೆನಡಾದಲ್ಲಿ ದುಡಿದಿದ್ದೀರಾ?’ ಎಂಬ ಪ್ರಶ್ನೆ. ಕೆಲಸವೇ ಕೊಡದಿದ್ದರೆ ಅನುಭವ ಬರುವುದು ಎಲ್ಲಿಂದ? ಇಲ್ಲಿ ವರ್ಷಗಟ್ಟಲೆ ರೋಗಿಗಳನ್ನು ನೋಡಿದ ವೈದ್ಯರಲ್ಲೂ ಎಷ್ಟೋ ಮಂದಿ ಅಲ್ಲಿ ಮತ್ತೆ ಪರೀಕ್ಷೆ ಬರೆದು, ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ತರಬೇತಿ) ಸೀಟಿಗೆ ಕಾಯಬೇಕು. ಅಷ್ಟರಲ್ಲಿ ಮನೆ ಬಾಡಿಗೆ ಕಟ್ಟಬೇಕಲ್ವಾ? ಟ್ಯಾಕ್ಸಿಯೋ ಗೋದಾಮೋ, ಸಿಕ್ಕಿದ ಕೆಲಸಕ್ಕೆ ಸೇರುತ್ತಾರೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಉದ್ಯೋಗ ಜಾಹೀರಾತಿನಲ್ಲಿ ಕೆನಡಾದ ಅನುಭವ ಕೇಳುವಂತಿಲ್ಲ ಎಂಬ ನಿಯಮ 2026ರ ಜನವರಿ 1ರಿಂದ ಬಂದಿದೆ. ತುಂಬ ಒಳ್ಳೆಯದು. ಜಾಹೀರಾತಿನಿಂದ ಹೋದ ಷರತ್ತು ಸಂದರ್ಶನದಲ್ಲಿ ನುಸುಳದಂತೆಯೂ ನೋಡಿಕೊಳ್ಳಬೇಕು. ನಮ್ಮ ವಲಸೆ ಏಜೆಂಟರು ಇದನ್ನೆಲ್ಲ ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳಲಿ.

– ಓದುಗರೊಬ್ಬರು, ಮೈಸೂರು