ಸದ್ದಿಗಿಂತ ಮೊದಲು ಟೈರ್, ಬ್ರೇಕ್ ನೋಡಿ

ಎಲ್ಲರಿಗೂ ನಮಸ್ಕಾರ. ಬೈಕಿಗೆ ಜೋರು ಸದ್ದಿನ ಸೈಲೆನ್ಸರ್ ಹಾಕಿಸಿದರೆ ನಾವು ಬರುವುದು ಬೇರೆಯವರಿಗೆ ಕೇಳಿಸಿ ಸೇಫ್ಟಿ ಜಾಸ್ತಿ ಅಂತ ಗುಂಪಿನಲ್ಲಿ ಮಾತು ನಡೆಯುತ್ತಿದೆ. ನಾನಂತೂ ಒಪ್ಪುವುದಿಲ್ಲ. ಸೈಲೆನ್ಸರ್ ಬಾಯಿ ಇರುವುದು ಹಿಂದಕ್ಕೆ, ಸದ್ದು ಹೆಚ್ಚು ಹೋಗುವುದೂ ಅತ್ತಲೇ. ಅಪಾಯ ಬರುವುದು ಬಹುಪಾಲು ಮುಂದಿನಿಂದ ಅಲ್ವಾ? ಅಮೆರಿಕದಲ್ಲಿ 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿದ 1981ರ ಹರ್ಟ್ ವರದಿಯಲ್ಲೂ ಇದೇ ಇದೆ. ಎಷ್ಟೋ ಸವಾರರು ಗಾಬರಿಯಲ್ಲಿ ಹಿಂದಿನ ಬ್ರೇಕ್ ಒತ್ತಿ ಜಾರಿದ್ದರು, ಮುಂದಿನದನ್ನು ಸಾಕಷ್ಟು ಹಿಡಿದೇ ಇರಲಿಲ್ಲ ಅನ್ನುವುದೂ ಅದರಲ್ಲಿದೆ.

ದುಡ್ಡು ಹಾಕುವುದಾದರೆ ಟೈರ್, ಬ್ರೇಕ್, ಸಸ್ಪೆನ್ಷನ್‌ಗೆ ಹಾಕಿ. ಇವತ್ತೇ ಟೈರಿನ ಗೀರುಗಳ ಸಂದಿಯಲ್ಲಿ ಬೆರಳಾಡಿಸಿ. ಒಳಗೆ ಚಿಕ್ಕ ರಬ್ಬರ್ ದಿಬ್ಬ ಸಿಗುತ್ತದೆ. ಟೈರ್ ಸವೆದು ಅದರ ಮಟ್ಟಕ್ಕೆ ಬಂದಿದ್ದರೆ ಬದಲಿಸಲೇಬೇಕು. ಗಾಳಿಯನ್ನು ಟೈರ್ ತಣ್ಣಗಿರುವಾಗ ಚೆಕ್ ಮಾಡಿ. ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಸೀಲಿನಲ್ಲಿ ಎಣ್ಣೆ ಒಸರುತ್ತಿದ್ದರೆ ಸುಮ್ನೆ ಒರೆಸಿ ಬಿಡಬೇಡಿ. ಆ ಎಣ್ಣೆ ಬ್ರೇಕಿನ ಡಿಸ್ಕ್‌ಗೆ, ಪ್ಯಾಡ್‌ಗೆ ತಾಗಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಭಾನುವಾರ ಬೆಳಗ್ಗೆ ಖಾಲಿ ಮೈದಾನದಲ್ಲಿ ಮುಂದಿನ ಬ್ರೇಕನ್ನು ಹದವಾಗಿ ಹಿಡಿಯುವ ಅಭ್ಯಾಸ ಮಾಡೋಣ. ಹೆಲ್ಮೆಟ್, ಗ್ಲೌಸ್ ತನ್ನಿ. ಬರುವವರು ಇಲ್ಲೇ ಹೆಸರು ಹಾಕಿ.