ಕೋಟೆಯ ಕೋತಿಯೂ ಕಡಲ ಪಫಿನ್ನೂ ಒಂದೇ ದರ್ಜೆಯಲ್ಲಿವೆ

ಮಾನ್ಯರೇ,

ಈಚೆಗೆ ನಮ್ಮೂರಿನ ಶಾಲೆಯೊಂದರ ವಿಜ್ಞಾನ ರಸಪ್ರಶ್ನೆಗೆ ಪ್ರೇಕ್ಷಕನಾಗಿ ಹೋಗಿದ್ದೆ. ಉತ್ತರ ಅಟ್ಲಾಂಟಿಕ್‌ನ ಕಡಲಹಕ್ಕಿ ಪಫಿನ್ ಮತ್ತು ನಮ್ಮ ಬಾನೆಟ್ ಕೋತಿ, ಇವುಗಳಲ್ಲಿ ಅಪಾಯದಲ್ಲಿರುವುದು ಯಾವುದು ಎಂಬ ಪ್ರಶ್ನೆಗೆ ಮಕ್ಕಳು ಪಫಿನ್ ಎಂದರು. ನಡೆಸುವವರ ಕೈಯಲ್ಲಿದ್ದ ಉತ್ತರವೂ ಅದೇ ಆಗಿತ್ತು. ಚಿತ್ರದುರ್ಗದ ಕೋಟೆಯಲ್ಲಿ ಒಮ್ಮೆಯಾದರೂ ಬಾಳೆಹಣ್ಣು ಕಳೆದುಕೊಂಡವರಿಗೆ ಕೋತಿಗೂ ಕುತ್ತು ಬಂದಿದೆಯೆಂದರೆ ನಗು ಬರುವುದು ಸಹಜವೇ. ಆದರೆ ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಎರಡೂ ‘ವಲ್ನರಬಲ್’, ಅಂದರೆ ಅಳಿವಿನ ಅಪಾಯಕ್ಕೆ ಸಿಲುಕಿರುವ ದರ್ಜೆಯಲ್ಲೇ ಇವೆ.

ವರ್ಗೀಕರಣದಲ್ಲಿ ಇವೆರಡೂ ಕಾರ್ಡೇಟಾ ವಂಶದವರೆಗೆ ಮಾತ್ರ ಜೊತೆಗಾರರು. ಅಲ್ಲಿಂದ ಮುಂದೆ ಪಫಿನ್ ಪಕ್ಷಿ ವರ್ಗಕ್ಕೆ, ನಮ್ಮ ಹೊಲಗಳ ಟಿಟ್ಟಿಭವೂ ಸೇರಿರುವ ಗಣಕ್ಕೆ ಹೋದರೆ, ಕೋತಿ ಸಸ್ತನಿ ವರ್ಗದ ಪ್ರೈಮೇಟ್ ಗಣಕ್ಕೆ, ಅಂದರೆ ನಮ್ಮದೇ ಗಣಕ್ಕೆ ಸೇರುತ್ತದೆ. ಈ ನೆಂಟಸ್ತಿಕೆಗೂ ಅಪಾಯದ ದರ್ಜೆಗೂ ಸಂಬಂಧವಿಲ್ಲ. ಕೋತಿಯದೇ ಮಕಾಕಾ ಜಾತಿಯ ಸಿಂಗಳೀಕ ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನ ಅಪಾಯದಲ್ಲಿದೆ. ಪಫಿನ್‌ನ ಕುಟುಂಬಕ್ಕೇ ಸೇರಿದ್ದ ಗ್ರೇಟ್ ಆಕ್ ಎಂಬ ಹಕ್ಕಿ 1844ರ ಹೊತ್ತಿಗೆ ಅಳಿದೇ ಹೋಯಿತು.

ಮಕ್ಕಳು ಎಡವಿದ್ದು, ಸಂಖ್ಯೆ ಹೆಚ್ಚಿದ್ದರೆ ಅಪಾಯವಿಲ್ಲ ಎಂದುಕೊಂಡದ್ದರಲ್ಲಿ. ಪಫಿನ್‌ಗಳು ಇಂದಿಗೂ ಒಂದು ಕೋಟಿಗಿಂತ ಹೆಚ್ಚಿವೆ. ಎಷ್ಟು ಉಳಿದಿವೆ ಎಂಬುದರ ಜೊತೆಗೆ ಎಷ್ಟು ಬೇಗ ಕುಸಿಯುತ್ತಿವೆ ಎಂಬುದನ್ನೂ ಕೆಂಪುಪಟ್ಟಿ ನೋಡುತ್ತದೆ; ಮೂರು ತಲೆಮಾರುಗಳಲ್ಲಿ ಶೇ 30ಕ್ಕೂ ಹೆಚ್ಚು ಕುಸಿತ ಕಂಡರೆ ಅಥವಾ ನಿರೀಕ್ಷಿಸಿದರೆ ಈ ದರ್ಜೆ ಸಿಗುತ್ತದೆ. ವರ್ಷಕ್ಕೊಂದೇ ಮೊಟ್ಟೆಯಿಡುವ ಪಫಿನ್‌ಗೆ, ಕಡಲು ಬಿಸಿಯಾಗಿ ಮರಿಗೆ ಉಣಿಸುವ ಸಣ್ಣ ಮೀನು ಸಿಗದಂತಾದರೆ ಚೇತರಿಕೆ ಕಷ್ಟ. ದಕ್ಷಿಣ ಭಾರತದಲ್ಲಲ್ಲದೆ ಬೇರೆಲ್ಲೂ ಸಹಜವಾಗಿ ನೆಲೆಸಿರದ ಬಾನೆಟ್ ಕೋತಿಯ ಕಥೆ ನಮ್ಮ ಕಣ್ಣೆದುರಿನದೇ: ರಸ್ತೆ ಅಗಲಿಸಲು ಆಲ, ಅರಳಿಯ ಸಾಲುಮರಗಳು ಉರುಳುತ್ತಿವೆ, ಉತ್ತರದಿಂದ ರೀಸಸ್ ಕೋತಿ ಇದರ ನೆಲೆಯೊಳಕ್ಕೆ ಸರಿಯುತ್ತಿದೆ, ಊರಲ್ಲಿ ಹಿಡಿದ ಹಿಂಡುಗಳನ್ನು ಎಲ್ಲೋ ಬಿಟ್ಟು ಬರಲಾಗುತ್ತಿದೆ. ಸಾಲುಮರ ಕಳೆದುಕೊಂಡ ಕೋತಿಗಳು ತಿನಿಸು ಸಿಗುವ ಗುಡಿ, ಕೋಟೆಗಳಲ್ಲಿ ಗುಂಪುಗೂಡುವುದರಿಂದ, ಇಲ್ಲಿ ಬೇಕಾದಷ್ಟಿವೆ ಎಂಬ ಭ್ರಮೆ ನಮಗೆ ಇನ್ನಷ್ಟು ಗಟ್ಟಿಯಾಗುತ್ತದೆ.

ಕೆಂಪುಪಟ್ಟಿಯ ದರ್ಜೆಗಳು ಬದಲಾಗುತ್ತಿರುತ್ತವೆ. ಪಫಿನ್ ಈ ದರ್ಜೆಗೆ ಬಂದದ್ದು 2015ರಲ್ಲಿ. ಆದ್ದರಿಂದ ರಸಪ್ರಶ್ನೆ ಸಿದ್ಧಪಡಿಸುವವರೂ, ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದವರೂ ಯಾವುದೇ ಪ್ರಾಣಿಯ ದರ್ಜೆಯ ಜೊತೆಗೆ ಅದು ಯಾವ ವರ್ಷದ ಮೌಲ್ಯಮಾಪನ ಎಂಬುದನ್ನೂ ನಮೂದಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ