ಬದುವಿನ ಕರಕಿ ಮತ್ತು ಗಾಲ್ಫ್ ಮೈದಾನದ ಹುಲ್ಲು

ಮಾನ್ಯ ಸಂಪಾದಕರಿಗೆ,

ಗಾಲ್ಫ್ ಮೈದಾನಗಳಿಗೆ ಹರಿಸುವ ನೀರಿನ ಬಗ್ಗೆ ನಿಮ್ಮ ಪತ್ರಿಕೆಯ ಓದುಗರು ನಡೆಸಿರುವ ಚರ್ಚೆಯಲ್ಲಿ, ಬಿಸಿಲು ತಾಳುವ ಹೊಸ ಹುಲ್ಲಿನ ತಳಿ ತಂದರೆ ಸಮಸ್ಯೆ ಬಗೆಹರಿಯುತ್ತದೆ ಎಂಬ ಮಾತು ಮತ್ತೆ ಮತ್ತೆ ಬರುತ್ತಿದೆ. ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದವನು ನಾನಲ್ಲ. ಆದರೆ ಕೃಷಿ ವಿಷಯವನ್ನು ಬಹುಕಾಲ ಪಾಠ ಮಾಡಿದವನಾಗಿ, ಆ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆಯೆಂದು ತಿಳಿಸಬಯಸುತ್ತೇನೆ.

ಬಿಸಿಲಿಗೆ ಸೋಲುವುದು ತಂಪು ದೇಶಗಳ ಬೆಂಟ್ ಹುಲ್ಲು. 15ರಿಂದ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವ ಅದು, ನೆಲ ಕಾದಾಗ ತಯಾರಿಸಿದ ಆಹಾರವನ್ನೆಲ್ಲ ಉಸಿರಾಟದಲ್ಲೇ ಕಳೆದುಕೊಂಡು ಬೇರು ಸೊರಗಿಸಿಕೊಳ್ಳುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದನ್ನು ಉಳಿಸಲು ಮೈದಾನದ ಪಕ್ಕದಲ್ಲಿ ದೊಡ್ಡ ಫ್ಯಾನುಗಳನ್ನು ನಿಲ್ಲಿಸುವುದುಂಟು. ಅಟ್ಲಾಂಟಾ ನಗರದ ಈಸ್ಟ್ ಲೇಕ್ ಗಾಲ್ಫ್ ಕ್ಲಬ್ 2008ರಲ್ಲಿ ತನ್ನ ಗ್ರೀನ್‌ಗಳಿಂದ, ಅಂದರೆ ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನಿಂದ, ಬೆಂಟ್ ತೆಗೆದು ಬರ್ಮುಡಾ ಹುಲ್ಲು ಹಾಕಿಸಿತು. ಈ ಬರ್ಮುಡಾ ಎಂದರೆ ನಮ್ಮ ಗರಿಕೆ, ನಮ್ಮ ಕಡೆಯ ಮಾತಿನಲ್ಲಿ ಕರಕಿ. ಗಣಪತಿಗೆ ಏರಿಸುವ, ಹೊಲದಲ್ಲಿ ಕಂಡರೆ ಶಪಿಸುವ ಅದೇ ಹುಲ್ಲು. 30 ಡಿಗ್ರಿಯ ಸುತ್ತಮುತ್ತಲೇ ಚುರುಕಾಗುವ ಇದಕ್ಕೆ ಬಿಸಿಲು ತಾಳುವುದನ್ನು ಕಲಿಸಹೊರಡುವುದು ಮೀನಿಗೆ ಈಜು ಕಲಿಸಿದಂತೆ.

ತಳಿ ವಿಜ್ಞಾನಿಗಳು ಮುಖ್ಯವಾಗಿ ಮಾಡಿದ್ದು ಗರಿಕೆಯನ್ನು ಗಿಡ್ಡ, ನಯ ಮತ್ತು ದಟ್ಟವಾಗಿಸುವ ಕೆಲಸವನ್ನು. ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ 1936ರಿಂದ ಮೇವಿನ ಹುಲ್ಲುಗಳ ಮೇಲೆ ದುಡಿಯುತ್ತಿದ್ದ ಗ್ಲೆನ್ ಬರ್ಟನ್ ಅವರ ಕೈಯಲ್ಲಿ, 36 ವರ್ಣತಂತುಗಳಿರುವ (ಕ್ರೋಮೋಸೋಮ್) ಸಾಮಾನ್ಯ ಗರಿಕೆಯೂ 18 ಇರುವ ಆಫ್ರಿಕಾದ ಸಣ್ಣೆಲೆಯ ಗರಿಕೆಯೂ ಕೂಡಿ 27ರ ಸಂಕರಗಳು ಹುಟ್ಟಿದವು. 1956ರ ಟಿಫ್‌ಗ್ರೀನ್, 1960ರ ಟಿಫ್‌ವೇ ಈ ಬಗೆಯವು. ಟಿಫ್‌ವೇಯಂತೂ ಜೋಹಾನ್ಸ್‌ಬರ್ಗ್‌ನಿಂದ ತರಿಸಿದ ಬೀಜದ ನಡುವೆ ಆಕಸ್ಮಿಕವಾಗಿ ಸಿಕ್ಕಿದ್ದು. ಬೆಸಸಂಖ್ಯೆಯ ಆ 27 ವರ್ಣತಂತುಗಳು ಸರಿಯಾಗಿ ಜೋಡಿಗೂಡದ ಕಾರಣ ಇವು ಬೀಜ ಕಟ್ಟುವುದಿಲ್ಲ. ಕಬ್ಬಿನಂತೆ ತುಂಡು ನೆಟ್ಟೇ ಹಬ್ಬಿಸಬೇಕು. ಮುಂದೆ ಗಾಮಾ ಕಿರಣ ಹಾಯಿಸಿ ಪಡೆದ, 1997ರಲ್ಲಿ ಬಿಡುಗಡೆಯಾದ ಟಿಫ್‌ಈಗಲ್ ಅನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದರೂ ಅದು ಬದುಕುತ್ತದೆ. ಅಷ್ಟು ಗಿಡ್ಡಕ್ಕೆ ಸದಾ ಕತ್ತರಿಸಿದ ಹುಲ್ಲಿಗೆ ಆಳದ ಬೇರಿರುವುದಿಲ್ಲ, ಆದ್ದರಿಂದ ಪದೇ ಪದೇ ನೀರು ಬೇಕು. ಬಿಸಿಲು ತಾಳುವ ಹುಲ್ಲೆಲ್ಲ ನೀರು ಉಳಿಸುವ ಹುಲ್ಲಲ್ಲ ಎಂಬುದನ್ನು ನಾವು ಮರೆಯುವುದು ಇಲ್ಲಿಯೇ.

ಇನ್ನೊಂದು ಆತಂಕವೂ ಇದೆ. ತುಂಡು ನೆಟ್ಟು ಹಬ್ಬಿಸಿದ ಮೈದಾನವೆಂದರೆ ಎಕರೆಗಟ್ಟಲೆ ಹರಡಿದ ಒಂದೇ ಗಿಡ; ಒಂದಕ್ಕೆ ತಗುಲಿದ ರೋಗಕ್ಕೆ ಮಿಕ್ಕ ಯಾವುದರಲ್ಲೂ ತಡೆ ಇರುವುದಿಲ್ಲ. ಒಂದೇ ತಳಿಯನ್ನು ನೆಚ್ಚಿದರೆ ಏನಾಗುತ್ತದೆಂದು ನಾವು ಸಜ್ಜೆಯಲ್ಲಿ ಕಂಡಿದ್ದೇವೆ. ಇದೇ ಬರ್ಟನ್ ನೀಡಿದ, ಪರಾಗ ಕಟ್ಟದ ಸಜ್ಜೆಯ ತಾಯಿ ತಳಿ ಟಿಫ್ಟ್ 23ಎ ಬಳಸಿ ನಮ್ಮ ದೇಶದಲ್ಲಿ 1965ರಲ್ಲಿ ಎಚ್‌ಬಿ 1 ಎಂಬ ಹೈಬ್ರಿಡ್ ಬಂತು, ಇಳುವರಿ ಏರಿತು, ಅದೇ ತಾಯಿಯ ಹೈಬ್ರಿಡ್‌ಗಳು ಎಲ್ಲೆಡೆ ಹಬ್ಬಿದವು. 1970ರ ದಶಕದಲ್ಲಿ ಬೂಜು ರೋಗ ಅವನ್ನು ಹಿಡಿದಾಗ ನಷ್ಟವೂ ಎಲ್ಲೆಡೆ ಆಯಿತು. ತೆನೆ ಮೂಡಬೇಕಾದಲ್ಲಿ ಹಸಿರೆಲೆಗಳ ಕುಚ್ಚು ಹೊರಟಿದ್ದ ಸಜ್ಜೆಯನ್ನು ಅಪ್ಪ ಮಾತಿಲ್ಲದೆ ಕೊಯ್ದು ಎತ್ತುಗಳ ಮುಂದೆ ಹಾಕಿದ್ದು ನನ್ನ ಬಾಲ್ಯದ ನೆನಪು. ತಪ್ಪು ಬರ್ಟನ್ ಅವರದಲ್ಲ, ಒಂದೇ ತಾಯಿಯನ್ನು ನೆಚ್ಚಿ ಕುಳಿತ ನಮ್ಮದು.

ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿದ್ದು ಓದುಗರಿಗೆ ನೆನಪಿರಬಹುದು. ಮೈದಾನಗಳಿಗೆ ಇನ್ನು ಮುಂದೆ ಸಂಸ್ಕರಿಸಿದ ಕೊಳಚೆ ನೀರೇ ಗತಿಯಾದರೆ, ಅದರಲ್ಲಿ ಉಳಿಯುವ ಲವಣ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಸೇರುತ್ತ ಹೋಗುತ್ತದೆ. ಹೀಗಾಗಿ ನಮ್ಮಲ್ಲಿ ತಳಿ ಆಯ್ಕೆ ನಡೆಯಬೇಕಾದದ್ದು ಉಪ್ಪು ತಾಳುವ ಮತ್ತು ಆಳಕ್ಕೆ ಬೇರಿಳಿಸುವ ಗುಣಗಳಿಗಾಗಿ. ಹೊರದೇಶಗಳಲ್ಲಿ ಇದಕ್ಕೆ ಕಡಲಂಚಿನ ಪ್ಯಾಸ್ಪಲಮ್ ಹುಲ್ಲನ್ನು ಬಳಸುತ್ತಾರೆ. ಆದರೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸಿಂಧನೂರು, ಗಂಗಾವತಿ ಕಡೆಯ, ಉಪ್ಪೇರಿ ನೀರು ನಿಂತು ಕೆಟ್ಟ ಸವಳು-ಜವಳು ಹೊಲಗಳ ಬದುಗಳನ್ನು ನೋಡಿ: ಭತ್ತ ಬೆಳ್ಳಗಾಗಿ ಕೂತ ಜಾಗದ ಅಂಚಿನಲ್ಲೂ ಕರಕಿ ಗೆಣ್ಣುಗೆಣ್ಣಿಗೆ ಬೇರೂರಿ ಹಬ್ಬಿರುತ್ತದೆ. ಎರೆಹೊಲದಲ್ಲಿ ರಂಟೆ ಹೊಡೆದು, ಆಳದಿಂದ ಅಗೆದು, ಗುಡ್ಡೆ ಹಾಕಿ ಸುಟ್ಟರೂ ಮರುಮಳೆಗೆ ಅದು ಚಿಗುರುವುದನ್ನು ಬಲ್ಲ ರೈತರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಂಗಾವತಿಯಲ್ಲಿ ಸವಳು ಮಣ್ಣಿನ ಸಂಶೋಧನೆ ನಡೆಯುತ್ತಿದೆ, ಧಾರವಾಡದಲ್ಲಿ ಮೇವಿನ ಹುಲ್ಲುಗಳ ಸಂಶೋಧನಾ ಕೇಂದ್ರವಿದೆ. ಇಂತಹ ಬದುಗಳಿಂದ ಬೇರೆ ಬೇರೆ ಕರಕಿ ಕಡ್ಡಿಗಳನ್ನು ಸಂಗ್ರಹಿಸಿ, ಸಂಸ್ಕರಿಸಿದ ನೀರನ್ನೇ ಹರಿಸಿ, ತಿಂಗಳುಗಟ್ಟಲೆ ಗಿಡ್ಡವಾಗಿ ಕತ್ತರಿಸಿ ನೋಡುವ ಕೆಲಸವನ್ನು ಈ ಕೇಂದ್ರಗಳಿಗೆ ವಹಿಸಬಹುದು. ಉಳಿದವುಗಳಲ್ಲಿ ಒಂದನ್ನಲ್ಲ, ನಾಲ್ಕಾರನ್ನು ಬಿಡುಗಡೆ ಮಾಡಬೇಕು. ಗ್ರೀನ್‌ಗೆ ಒದಗದವು ಶಾಲಾ ಆಟದ ಬಯಲಿಗೆ, ಕೆರೆ ಏರಿಗೆ ಆದಾವು. ಇದರ ಖರ್ಚನ್ನು ರೈತರ ಮೇವಿನ ಸಂಶೋಧನೆಗೆ ಮೀಸಲಾದ ಹಣದಿಂದ ತೆಗೆಯದೆ, ಮೈದಾನಗಳನ್ನು ನಡೆಸುವ ಕ್ಲಬ್‌ಗಳಿಂದಲೇ ವಸೂಲು ಮಾಡುವುದು ನ್ಯಾಯ.

ಇತಿ,
ಒಬ್ಬ ನಿವೃತ್ತ ಕೃಷಿ ಶಿಕ್ಷಕ,
ವಿಜಯಪುರ